ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ ಅಣ್ಣ

ಕಳೆದ ರವಿವಾರ ಸಂಜೆ ನಮ್ಮ ಓಣಿಯ ಹುಡುಗನೊಬ್ಬ ತನ್ನ ಇಂಗ್ಲಿಷ್ ವಹಿಯನ್ನು ಹಿಡಿದುಕೊಂಡು ನಮ್ಮ ಮನೆಯ ಕಟ್ಟೆಗೆ ಬಂದ. ಏಳನೆಯ ತರಗತಿಯವನು. ‘ಅಜ್ಜಾರ, ಇದರಾಗ ತಪ್ಪೇನೈತ್ರಿ, ನೋಡ್ರಿ’ ಎಂದು ಒಂದು ಪುಟವನ್ನು ತೆರೆದು ನನ್ನ ತೊಡೆಯ ಮೇಲಿಟ್ಟ. ‘ನನ್ನ ಕುಟುಂಬ’ ಎಂಬ ವಿಷಯವಾಗಿ ಹತ್ತು ವಾಕ್ಯಗಳು. ಆರನೆಯ ವಾಕ್ಯ: ‘ಮೈ ಕಸಿನ್ ಬ್ರದರ್ ಡ್ರೈವ್ಸ್ ಎ ಟ್ರ್ಯಾಕ್ಟರ್.’ ಅದರಲ್ಲಿ ‘ಬ್ರದರ್’ ಎಂಬ ಪದದ ಮೇಲೆ ಉದ್ದಕ್ಕೂ ಒಂದು ಕೆಂಪು ಗೆರೆ. ಅಂಚಿನಲ್ಲಿ ‘ಅನಾವಶ್ಯಕ’ ಎಂಬರ್ಥದ ಒಂದು ಇಂಗ್ಲಿಷ್ ಪದ. ಅರ್ಧ ಅಂಕ ಕಡಿತ.

ನಾನು ಆ ಗೆರೆಯನ್ನು ನೋಡುತ್ತ ಬಹಳ ಹೊತ್ತು ಸುಮ್ಮನೆ ಕುಳಿತೆ. ಹುಡುಗನಿಗೆ ನನ್ನ ಕಣ್ಣು ಮಂಜಾಗಿದೆಯೆಂದು ಅನುಮಾನ ಬಂದಿರಬೇಕು, ವಹಿಯನ್ನು ಇನ್ನಷ್ಟು ಹತ್ತಿರ ಹಿಡಿದ. ಕಣ್ಣಿನ ದೋಷವಲ್ಲ. ಆ ಗೆರೆ ನನ್ನದೇ ಆಗಿತ್ತು. ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿದ ನಾನು ಅಂಥ ಗೆರೆಗಳನ್ನು ಎಷ್ಟು ನೂರು ವಹಿಗಳಲ್ಲಿ ಎಳೆದಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಬಿ.ಎಡ್. ಓದುವಾಗ ‘ಭಾರತೀಯರು ಇಂಗ್ಲಿಷಿನಲ್ಲಿ ಮಾಡುವ ಸಾಮಾನ್ಯ ತಪ್ಪುಗಳು’ ಎಂಬ ಪಟ್ಟಿಯನ್ನು ನಮಗೆ ಬಾಯಿಪಾಠ ಮಾಡಿಸಿದ್ದರು. ‘ಕಸಿನ್’ ಎಂದರೆ ಸಾಕು, ‘ಬ್ರದರ್’, ‘ಸಿಸ್ಟರ್’ ಸೇರಿಸುವುದು ಅಜ್ಞಾನ ಎಂಬುದು ಅದರಲ್ಲೊಂದು. ನಾನು ಅದನ್ನು ವೇದವಾಕ್ಯದಂತೆ ನಂಬಿದೆ, ಮಕ್ಕಳಿಗೂ ನಂಬಿಸಿದೆ. ಇಂದು ಈ ಲೇಖನದಲ್ಲಿ ನಾನು ವಾದಿಸಹೊರಟಿರುವುದು ಇಷ್ಟೇ: ಆ ಗೆರೆ ತಪ್ಪು. ಹುಡುಗನ ವಾಕ್ಯ ತಪ್ಪಲ್ಲ. ನನ್ನ ಸಹೋದ್ಯೋಗಿಗಳಾಗಿದ್ದ ಅನೇಕ ಇಂಗ್ಲಿಷ್ ಮಾಸ್ತರರು ಇದನ್ನೋದಿ ಕೋಪಿಸಿಕೊಳ್ಳಬಹುದು. ಕೋಪಿಸಿಕೊಳ್ಳಲಿ, ಆದರೆ ಪೂರ್ತಿ ಓದಿ ಕೋಪಿಸಿಕೊಳ್ಳಲಿ.

ಮೊದಲು ನಾನು ಈ ಪದವನ್ನು ಕಲಿತ ಬಗೆಯನ್ನು ಹೇಳುತ್ತೇನೆ. ನಮಗೆ ಐದನೆಯ ಇಯತ್ತೆಯಲ್ಲಿ ಎಬಿಸಿಡಿ ಆರಂಭ. ಹೈಸ್ಕೂಲಿಗೆ ಬಂದಾಗ ಗೈಡಿನಲ್ಲಿ ಪದಗಳ ಅರ್ಥ ಎರಡು ಸಾಲಾಗಿ ಅಚ್ಚಾಗಿರುತ್ತಿದ್ದವು. ಎಡಕ್ಕೆ ಇಂಗ್ಲಿಷು, ಬಲಕ್ಕೆ ಕನ್ನಡ. ‘ಕಸಿನ್ – ಸೋದರ ಸಂಬಂಧಿ’ ಎಂದಿತ್ತು. ಸೋದರ ಸಂಬಂಧಿ ಎಂದರೆ ಯಾರು? ನಮ್ಮ ಮನೆಯಲ್ಲಿ ಅಂಥವರಾರೂ ಇರಲಿಲ್ಲ. ಅಣ್ಣಂದಿರಿದ್ದರು, ತಂಗಿಯರಿದ್ದರು, ಮಾವನ ಮಕ್ಕಳಿದ್ದರು, ಅತ್ತೆಯ ಮಕ್ಕಳಿದ್ದರು; ಸೋದರ ಸಂಬಂಧಿಯನ್ನು ನಾನು ಇಂದಿನವರೆಗೂ ಯಾರ ಮನೆಯ ಪಡಸಾಲೆಯಲ್ಲಿಯೂ ಕಂಡಿಲ್ಲ. ‘ಬಾ ಸೋದರ ಸಂಬಂಧೀ, ರೊಟ್ಟಿ ಉಣ್ಣು’ ಎಂದು ಯಾರಾದರೂ ಕರೆದದ್ದುಂಟೇ? ಅದು ನಿಘಂಟಿನಲ್ಲಿ ಹುಟ್ಟಿ ನಿಘಂಟಿನಲ್ಲಿಯೇ ವಾಸಿಸುವ ವ್ಯಕ್ತಿ. ಹೀಗೆ ಗೊತ್ತಿಲ್ಲದ ಒಂದು ಇಂಗ್ಲಿಷ್ ಪದಕ್ಕೆ ಗೊತ್ತಿಲ್ಲದ ಒಂದು ಕನ್ನಡ ಪದವನ್ನು ಅಂಟಿಸಿ, ಮಗುವಿಗೆ ಅರ್ಥವಾಯಿತೆಂದು ತಿಳಿದು ಮುಂದಿನ ಪದಕ್ಕೆ ಹೋಗುವ ಪದ್ಧತಿಯೇ ನಮ್ಮ ಇಂಗ್ಲಿಷ್ ಬೋಧನೆಯ ಮೂಲರೋಗ. 2007-08ರಿಂದ ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಬಂತು. ರೋಗ ಐದನೆಯದರಿಂದ ಒಂದನೆಯದಕ್ಕೆ ಇಳಿಯಿತು, ಅಷ್ಟೆ.

ಈಗ ನಮ್ಮ ಊರಿನ ಲೆಕ್ಕವನ್ನು ನೋಡೋಣ. ಕೊರ್ಲಹಳ್ಳಿ ತುಂಗಭದ್ರೆಯ ದಂಡೆಯ ಊರು. ಹೊಳೆಯಾಚೆ ಹೂವಿನಹಡಗಲಿ ತಾಲೂಕು. 1953ರವರೆಗೆ ಆಚೆಯ ದಡ ಮದ್ರಾಸಿನವರದು. ನಮ್ಮ ದಡ 1956ರವರೆಗೆ ಮುಂಬಯಿಯವರದು. ಆಳಿದವರು ಬೇರೆಯಾದರೂ ಹೆಣ್ಣು ಕೊಟ್ಟು ತರುವ ಸಂಬಂಧ ಎರಡೂ ದಡಗಳ ನಡುವೆ ತಪ್ಪಿರಲಿಲ್ಲ. ಈ ಕಡೆ ‘ಕಾಕಾ’ ಎಂದರೆ ಆ ಕಡೆಯವರು ‘ಚಿಕ್ಕಪ್ಪ’ ಎಂದಾರು. ಆದರೆ ಲೆಕ್ಕ ಮಾತ್ರ ಒಂದೇ. ದೊಡ್ಡಪ್ಪ, ಕಾಕಾ ಇವರ ಮಕ್ಕಳು ನನಗೆ ಅಣ್ಣತಮ್ಮಂದಿರು, ಅಕ್ಕತಂಗಿಯರು. ದೊಡ್ಡವ್ವ, ಚಿಗವ್ವ ಇವರ ಮಕ್ಕಳೂ ಹಾಗೆಯೇ. ಏಕೆಂದರೆ ಹೆಸರೇ ಹೇಳುವಂತೆ ದೊಡ್ಡಪ್ಪನೂ ಒಬ್ಬ ಅಪ್ಪ, ಚಿಗವ್ವನೂ ಒಬ್ಬ ಅವ್ವ. ಆದರೆ ಸೋದರಮಾವನ ಮಕ್ಕಳು, ಸೋದರತ್ತೆಯ ಮಕ್ಕಳು ಒಡಹುಟ್ಟಿದವರಲ್ಲ. ಅವರು ಬೀಗತನದ ಕಡೆಯವರು. ಭಾವ, ಮೈದುನ, ಅತ್ತಿಗೆ ಎಂದು ಕರೆಸಿಕೊಳ್ಳಬೇಕಾದವರು. ಅವರೊಡನೆ ಮದುವೆಯ ಮಾತು ಬರಬಹುದು, ನಗೆಚಾಟಿಕೆ ನಡೆಯಬಹುದು. ದೊಡ್ಡಪ್ಪನ ಮಗಳೊಡನೆ ಮದುವೆ ಎಂಬ ಮಾತು ನಮ್ಮ ಕಡೆ ಯಾರ ಬಾಯಿಂದಲೂ ಬಾರದು; ಬಂದರೆ ಆತನನ್ನು ಮನುಷ್ಯರ ಸಾಲಿನಲ್ಲಿ ಇಟ್ಟಾರೆಯೇ?

ಇಂಗ್ಲಿಷಿನ ‘ಕಸಿನ್’ ಎಂಬ ಒಂದು ನಾಮಪದ ಈ ಎರಡು ಗುಂಪುಗಳನ್ನು ಒಂದೇ ಚೀಲಕ್ಕೆ ತುಂಬುತ್ತದೆ. ಸಾಲದ್ದಕ್ಕೆ ಗಂಡೋ ಹೆಣ್ಣೋ ಹೇಳುವುದಿಲ್ಲ, ಹಿರಿಯರೋ ಕಿರಿಯರೋ ಹೇಳುವುದಿಲ್ಲ, ತಾಯಿಯ ಕಡೆಯೋ ತಂದೆಯ ಕಡೆಯೋ ಹೇಳುವುದಿಲ್ಲ.

ನಾನು ಇದನ್ನು ತರಗತಿಯಲ್ಲಿ ಒಮ್ಮೆ ಪರೀಕ್ಷಿಸಿ ನೋಡಿದ್ದೆ. ನಿವೃತ್ತಿಗೆ ಎರಡು ವರ್ಷವಿದ್ದಾಗ, ಅಂದರೆ ಬುದ್ಧಿ ತಡವಾಗಿ ಬಂದ ಮೇಲೆ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಕೇಳಿದೆ: ‘ನಿಮ್ಮ ದೊಡ್ಡಪ್ಪನ ಮಗ ನಿಮಗೇನಾಗಬೇಕು, ಇಂಗ್ಲಿಷಿನಲ್ಲಿ ಹೇಳಿರಿ.’ ಒಟ್ಟಾಗಿ ಉತ್ತರ ಬಂತು, ‘ಕಸಿನ್ ಬ್ರದರ್ ಸರ್.’ ‘ನಿಮ್ಮ ಸೋದರಮಾವನ ಮಗ?’ ಎಂದೆ. ಹುಡುಗಿಯರ ಸಾಲಿನಲ್ಲಿ ಒಮ್ಮೆಲೇ ಕಿಸಕ್ಕನೆ ನಗು. ಒಬ್ಬಳು ದಾವಣಿಯ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ‘ಅವರೂ ಕಸಿನ್ ಬ್ರದರೇ?’ ಎಂದು ಮತ್ತೆ ಕೇಳಿದೆ. ‘ಏ ಇಲ್ರೀ ಸರ್, ಬ್ರದರ್ ಹೆಂಗ ಆಕ್ಕಾನ್ರಿ?’ ಎಂದು ಹಿಂದಿನ ಬೆಂಚಿನಿಂದ ಧ್ವನಿ. ನೋಡಿರಿ, ಪಟ್ಟಿಗಳನ್ನು ಮಾಡಿದ ಪಂಡಿತರಿಗೆ ಕಾಣದ ವ್ಯಾಕರಣ ಆ ಮಕ್ಕಳಿಗೆ ಗೊತ್ತಿತ್ತು. ಅವರು ಇಂಗ್ಲಿಷ್ ಪದದೊಳಗೆ ತಮಗೆ ಬೇಕಾದ ಒಂದು ಗೋಡೆಯನ್ನು ಕಟ್ಟಿಕೊಂಡಿದ್ದರು. ನಾವು ಆ ಗೋಡೆಯನ್ನು ‘ಅನಾವಶ್ಯಕ’ವೆಂದು ಕೆಡವುತ್ತಿದ್ದೆವು. (ಬೆಂಗಳೂರಿನ ಕಡೆ ಮಾವನ ಮಗನನ್ನೂ ಕಸಿನ್ ಬ್ರದರ್ ಎನ್ನುವವರಿದ್ದಾರೆಂದು ಬಲ್ಲೆ. ಅದು ಅವರ ಗೋಡೆ ಬಿದ್ದುದರ ಲಕ್ಷಣ. ಅದಕ್ಕೆ ಮುಂದೆ ಬರುತ್ತೇನೆ.)

‘ಅದೇನೇ ಇರಲಿ, ಇಂಗ್ಲಿಷ್ ಇಂಗ್ಲಿಷರದು, ಅವರು ಹೇಗೆ ಹೇಳುತ್ತಾರೋ ಹಾಗೆ ಹೇಳಬೇಕು’ ಎಂಬುದು ಎದುರುಪಕ್ಷದವರ ಮೊದಲ ವಾದ. ಹಾಗಾದರೆ ಇಂಗ್ಲಿಷರ ಮನೆಗೇ ಹೋಗೋಣ. ‘ಕಸಿನ್’ ಅವರ ಸ್ವಂತ ಪದವಲ್ಲ, ಫ್ರೆಂಚಿನಿಂದ ಬಂದದ್ದು. ಫ್ರೆಂಚಿಗೆ ಲ್ಯಾಟಿನ್ನಿನ ‘ಕನ್ಸೊಬ್ರಿನಸ್’ ಎಂಬುದರಿಂದ ಬಂದದ್ದು. ಲ್ಯಾಟಿನ್ನಿನಲ್ಲಿ ಆ ಪದದ ಮೂಲಾರ್ಥವೇನು ಗೊತ್ತೇ? ತಾಯಿಯ ಸೋದರಿಯ ಮಗ. ನಮ್ಮ ಲೆಕ್ಕದಲ್ಲಿ ಚಿಗವ್ವನ ಮಗ, ಅಂದರೆ ಅಣ್ಣ ಅಥವಾ ತಮ್ಮ! ತಂದೆಯ ಸೋದರನ ಮಗನಿಗೆ ರೋಮನ್ನರು ‘ಪಾತ್ರುಎಲಿಸ್’ ಎನ್ನುತ್ತಿದ್ದರು. ತಂದೆಯ ಸೋದರಿಯ ಮಗನಿಗೆ ‘ಅಮಿಟಿನಸ್’. ಹಾಗೆಯೇ ‘ಅಂಕಲ್’ ಎಂಬುದು ‘ಅವುಂಕುಲುಸ್’ ಎಂಬುದರ ಸವೆದ ರೂಪ. ಅದರ ಅರ್ಥ ತಾಯಿಯ ಸೋದರ, ನಮ್ಮ ಸೋದರಮಾವ. ‘ಆಂಟ್’ ಬಂದದ್ದು ‘ಅಮಿಟ’ದಿಂದ; ಅದು ತಂದೆಯ ಸೋದರಿ, ನಮ್ಮ ಸೋದರತ್ತೆ. ಇನ್ನು ಹಳೆಯ ಇಂಗ್ಲಿಷಿನಲ್ಲಿಯೂ ತಂದೆಯ ಸೋದರನಿಗೆ ಒಂದು ಪದ, ತಾಯಿಯ ಸೋದರನಿಗೆ ಬೇರೆಯೇ ಪದ ಇದ್ದವು. 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ ಫ್ರೆಂಚ್ ಪದಗಳು ಬಂದು ಹಳೆಯ ಭೇದಗಳು ಕ್ರಮೇಣ ಅಳಿಸಿಹೋದವು. ಮುಂದೆಯೂ ಬಹುಕಾಲ ‘ಕಸಿನ್’ ಎಂಬುದು ನಿಂತಲ್ಲಿ ನಿಲ್ಲದ ಪದವಾಗಿತ್ತು. ಶೇಕ್ಸ್‌ಪಿಯರನ ನಾಟಕದಲ್ಲಿ ರಾಜ ಕ್ಲಾಡಿಯಸ್ ತನ್ನ ಅಣ್ಣನ ಮಗನಾದ ಹ್ಯಾಮ್ಲೆಟನನ್ನೇ ಕಸಿನ್ ಎನ್ನುತ್ತಾನೆ. ಪದದ ವ್ಯುತ್ಪತ್ತಿಯಿಂದ ಅದರ ಇಂದಿನ ಅರ್ಥವನ್ನು ಸಾಧಿಸಲಾಗದೆಂಬುದು ನನಗೆ ಗೊತ್ತು. ನಾನು ಹೇಳುವುದಿಷ್ಟೇ: ಬಾಳು ಬದಲಾದಂತೆ ಈ ಪದದ ಅರ್ಥವನ್ನು ಇಂಗ್ಲಿಷರು ಎಷ್ಟೋ ಬಾರಿ ಹಿಗ್ಗಿಸಿದ್ದಾರೆ, ಕುಗ್ಗಿಸಿದ್ದಾರೆ. ಅದೇ ಹಕ್ಕು ಮುಂಡರಗಿ ತಾಲೂಕಿನವರಿಗೆ ಏಕಿಲ್ಲ?

ಈ ಪದ ಏನೆಲ್ಲವನ್ನು ಮುಚ್ಚಿಡುತ್ತದೆ ಎಂಬುದಕ್ಕೆ ಮೂರು ಮದುವೆಗಳನ್ನು ಉದಾಹರಿಸುತ್ತೇನೆ. ಚಾರ್ಲ್ಸ್ ಡಾರ್ವಿನ್ 1839ರಲ್ಲಿ ಎಮ್ಮಾ ವೆಜ್‌ವುಡ್ಡಳನ್ನು ಮದುವೆಯಾದ. ವಿಕ್ಟೋರಿಯಾ ರಾಣಿ 1840ರಲ್ಲಿ ಆಲ್ಬರ್ಟನನ್ನು ಮದುವೆಯಾದಳು. ಐನ್‌ಸ್ಟೈನ್ 1919ರಲ್ಲಿ ಎಲ್ಸಾಳನ್ನು ಮದುವೆಯಾದ. ಇಂಗ್ಲಿಷ್ ಪುಸ್ತಕಗಳು ಮೂರನ್ನೂ ‘ಕಸಿನ್ ಜೊತೆ ಮದುವೆ’ ಎಂದು ಒಂದೇ ತೆರನಾಗಿ ಬರೆಯುತ್ತವೆ. ನಮ್ಮೂರ ಹಿರಿಯರ ಮುಂದೆ ಇಟ್ಟರೆ? ಎಮ್ಮಾ ಡಾರ್ವಿನ್ನನ ತಾಯಿಯ ಅಣ್ಣತಮ್ಮನ ಮಗಳು. ಅಂದರೆ ಮಾವನ ಮಗಳು, ಯೋಗ್ಯ ಸಂಬಂಧ. ಆಲ್ಬರ್ಟ್ ವಿಕ್ಟೋರಿಯಾಳ ತಾಯಿಯ ಸೋದರನ ಮಗ. ಅದೂ ಮಾವನ ಮಗನೇ. ಎಲೆಯಡಿಕೆ ಶಾಸ್ತ್ರಕ್ಕೆ ತಡವೇಕೆ ಎಂದಾರು. ಆದರೆ ಎಲ್ಸಾ? ಆಕೆಯ ತಾಯಿ, ಐನ್‌ಸ್ಟೈನನ ತಾಯಿ ಅಕ್ಕತಂಗಿಯರು. ಆಕೆ ವಯಸ್ಸಿನಲ್ಲಿ ಅವನಿಗಿಂತ ಮೂರು ವರ್ಷ ದೊಡ್ಡವಳು. ನಮ್ಮ ಕನ್ನಡದಲ್ಲಿ ಆಕೆ ಅವನ ಅಕ್ಕ! ಎಷ್ಟು ದೊಡ್ಡ ವಿಜ್ಞಾನಿಯಾದರೂ ಕೊರ್ಲಹಳ್ಳಿಯಲ್ಲಿ ಆ ಮದುವೆಯ ಚಪ್ಪರ ಏಳುತ್ತಿರಲಿಲ್ಲ. ಎರಡು ಸಂದರ್ಭಗಳಲ್ಲಿ ಸಂತೋಷವನ್ನೂ ಒಂದು ಸಂದರ್ಭದಲ್ಲಿ ಕಿವಿ ಮುಚ್ಚಿಕೊಳ್ಳುವಿಕೆಯನ್ನೂ ತರಬಹುದಾದ ಸಂಗತಿಗಳನ್ನು ಒಂದೇ ಪದ ಹೇಳುತ್ತದೆಂದರೆ, ಆ ಪದವನ್ನು ಕಲಿಯುವ ನಮ್ಮ ಮಗು ತಡವರಿಸದೆ ಇದ್ದೀತೇ?

ಇಲ್ಲಿ ಒಂದು ಮಾತನ್ನು ನ್ಯಾಯಕ್ಕಾಗಿ ಹೇಳಬೇಕು. ವೈದ್ಯರಿಗೆ ಈ ಪದ ಸಾಕು. ಮಾವನ ಮಗಳಾಗಲಿ, ಚಿಗವ್ವನ ಮಗಳಾಗಲಿ ರಕ್ತದಲ್ಲಿ ಸರಾಸರಿ ಎಂಟನೆಯ ಒಂದು ಪಾಲು ಸಮಾನ. ಒಂದು ಸಂಬಂಧ ಶಾಸ್ತ್ರಸಮ್ಮತ, ಇನ್ನೊಂದು ನಿಷಿದ್ಧ ಎಂಬುದು ರಕ್ತಕ್ಕೆ ಗೊತ್ತಿಲ್ಲ. ಅಕ್ಕನ ಮಗಳನ್ನು ಮಾಡಿಕೊಂಡರಂತೂ ನಾಲ್ಕನೆಯ ಒಂದು ಪಾಲು. ಹುಟ್ಟುವ ಮಕ್ಕಳಿಗೆ ಆನುವಂಶಿಕ ರೋಗಗಳ ಭಯ ಹೆಚ್ಚೆಂದು ವೈದ್ಯರು ಎಚ್ಚರಿಸುವುದು ಸರಿಯಾಗಿಯೇ ಇದೆ. ನಾನು ಇಲ್ಲಿ ಒಳಸಂಬಂಧದ ಮದುವೆಗಳ ಪರವಾಗಿ ಬರೆಯುತ್ತಿಲ್ಲ. ಪದಗಳ ಪರವಾಗಿ ಬರೆಯುತ್ತಿದ್ದೇನೆ.

ಇನ್ನು ನನ್ನ ಬಲವಾದ ಸಾಕ್ಷಿ. ಇದನ್ನು ನನಗೆ ತೋರಿಸಿಕೊಟ್ಟವರು ಗದಗಿನ ಒಬ್ಬ ವಕೀಲ ಮಿತ್ರರು. 1954ರ ವಿಶೇಷ ವಿವಾಹ ಕಾಯ್ದೆ, 1955ರ ಹಿಂದೂ ವಿವಾಹ ಕಾಯ್ದೆ ಎರಡೂ ಯಾರು ಯಾರನ್ನು ಮದುವೆಯಾಗಕೂಡದೆಂದು ಹೇಳುತ್ತವೆ. ಎರಡೂ ಇಂಗ್ಲಿಷಿನಲ್ಲಿ ರಚಿತವಾದವು. ರಚಿಸಿದವರು ಇಂಗ್ಲಿಷ್ ಬಾರದವರಲ್ಲ. ‘ಕಸಿನ್’ ಎಂಬ ಒಂದು ಪದದಿಂದ ಅವರು ಕೆಲಸ ಮುಗಿಸಬಹುದಿತ್ತು. ಮುಗಿಸಲಿಲ್ಲ. ವಿಶೇಷ ವಿವಾಹ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ತಂದೆಯ ಸೋದರನ ಮಗಳು, ತಂದೆಯ ಸೋದರಿಯ ಮಗಳು, ತಾಯಿಯ ಸೋದರಿಯ ಮಗಳು, ತಾಯಿಯ ಸೋದರನ ಮಗಳು ಎಂದು ನಾಲ್ವರನ್ನೂ ಬೇರೆ ಬೇರೆಯಾಗಿ ಬರೆದಿದ್ದಾರೆ. ಹಿಂದೂ ವಿವಾಹ ಕಾಯ್ದೆ ‘ಸೋದರ ಮತ್ತು ಸೋದರಿಯ ಮಕ್ಕಳು, ಇಬ್ಬರು ಸೋದರರ ಮಕ್ಕಳು, ಇಬ್ಬರು ಸೋದರಿಯರ ಮಕ್ಕಳು’ ಎಂದು ಬಿಡಿಸಿ ಬರೆಯುತ್ತದೆ. ಉಭಯ ಪಕ್ಷಗಳ ರೂಢಿ ಒಪ್ಪುವುದಾದರೆ ನಿಷೇಧವಿಲ್ಲವೆಂದೂ ಸೇರಿಸುತ್ತದೆ. ಆ ರೂಢಿಯ ಬಾಗಿಲಿನಿಂದಲೇ ನಮ್ಮ ಕಡೆಯ ಮಾವನ ಮಗಳು ಒಳಗೆ ಬರುವುದು. ದಿಲ್ಲಿಯ ಸಂಸತ್ತಿಗೇ ಸಾಲದೆ ಹೋದ ಪದ ಏಳನೆಯ ತರಗತಿಯ ಹುಡುಗನಿಗೆ ಸಾಕಾಗಬೇಕೆಂದು ಅರ್ಧ ಅಂಕ ಕೀಳುವ ಮಾಸ್ತರರಿಗೆ ನಾನು ಏನೆಂದು ಹೇಳಲಿ?

ಈಗ ಇನ್ನೊಂದು ಬದಿಯವರಿಗೂ ಎರಡು ಮಾತು ಹೇಳದಿದ್ದರೆ ಪಕ್ಷಪಾತವಾದೀತು. ‘ನೋಡಿರಿ, ಇಂಗ್ಲಿಷು ಎಷ್ಟು ಬಡ ಭಾಷೆ, ನಮ್ಮ ಕನ್ನಡ ಎಷ್ಟು ಶ್ರೀಮಂತ’ ಎಂದು ರಾಜ್ಯೋತ್ಸವದ ಭಾಷಣಗಳಲ್ಲಿ ಎದೆ ತಟ್ಟಿಕೊಳ್ಳುವವರಿದ್ದಾರೆ. ಚಪ್ಪಾಳೆಗೆ ಚೆನ್ನಾದ ಮಾತು, ವಿಚಾರಕ್ಕೆ ನಿಲ್ಲದ ಮಾತು. ನಮ್ಮ ‘ಮಾವ’ ಎಂಬ ಪದವನ್ನೇ ತೆಗೆದುಕೊಳ್ಳಿರಿ. ತಾಯಿಯ ಸೋದರ, ಅತ್ತೆಯ ಗಂಡ, ಹೆಂಡತಿಯ ತಂದೆ, ಗಂಡನ ತಂದೆ ಎಲ್ಲರೂ ಮಾವಂದಿರೇ. ಇಂಗ್ಲಿಷ್ ಕೂಸೊಂದು ಕನ್ನಡ ಕಲಿಯಲು ಬಂದರೆ, ‘ಇದೇನು, ಇವರಿಗೆ ಹೆಂಡತಿಯ ತಂದೆಗೂ ತಾಯಿಯ ಸೋದರನಿಗೂ ಭೇದ ಗೊತ್ತಿಲ್ಲವೇ’ ಎಂದು ನಗುತ್ತದೆ. ‘ಅಳಿಯ’ ಎಂದರೆ ಮಗಳ ಗಂಡನೂ ಹೌದು, ಸೋದರಿಯ ಮಗನೂ ಹೌದು. ಮಾವನ ಮಗಳನ್ನು ತರುವ ಲೋಕದಲ್ಲಿ ಇಬ್ಬರೂ ಒಬ್ಬನೇ ಆಗಬಹುದಾದ್ದರಿಂದ ಒಂದೇ ಪದ ಸಾಕಾಯಿತು. ಆದರೆ ಗೈಡಿನ ಪ್ರಕಾರ ‘ಅಳಿಯ – ಸನ್-ಇನ್-ಲಾ’ ಎಂದು ಬಾಯಿಪಾಠ ಮಾಡಿದವನು ದಕ್ಷಿಣ ಕನ್ನಡದ ‘ಅಳಿಯಸಂತಾನ’ವನ್ನು ಭಾಷಾಂತರಿಸಿದರೆ ಆಸ್ತಿಯೆಲ್ಲ ಮಗಳ ಗಂಡನ ಪಾಲಾದೀತು! ಅಲ್ಲಿ ಅಳಿಯನೆಂದರೆ ಸೋದರಿಯ ಮಗ. ಒಂದೊಂದು ಭಾಷೆ ತನ್ನ ಜನರು ಎಲ್ಲಿ ಎಚ್ಚರದಿಂದಿರಬೇಕೋ ಅಲ್ಲಿ ಪದಗಳನ್ನು ಬೇರೆ ಬೇರೆ ಮಾಡಿಕೊಳ್ಳುತ್ತದೆ. ಅಮೆರಿಕದ ಲೂಯಿಸ್ ಹೆನ್ರಿ ಮಾರ್ಗನ್ ಎಂಬ ವಕೀಲ ಜಗತ್ತಿನ ಅನೇಕ ಜನಾಂಗಗಳ ಬಂಧುವಾಚಕಗಳನ್ನು ಪ್ರಶ್ನಾವಳಿ ಕಳಿಸಿ ಸಂಗ್ರಹಿಸಿ 1871ರಲ್ಲಿ ಒಂದು ದೊಡ್ಡ ಗ್ರಂಥವನ್ನು ಹೊರತಂದ. ತಮಿಳು, ತೆಲುಗುಗಳೊಡನೆ ಕನ್ನಡದ ಪದಗಳೂ ಅದರಲ್ಲಿವೆ. ತಂದೆಯ ಸೋದರನನ್ನು ತಂದೆಯ ಸಾಲಿನಲ್ಲಿಯೇ ಎಣಿಸುವ ನಮ್ಮ ಕ್ರಮಕ್ಕೂ ತನ್ನ ದೇಶದ ಇರೊಕ್ವಾ ಮೂಲನಿವಾಸಿಗಳ ಕ್ರಮಕ್ಕೂ ಇರುವ ಹೋಲಿಕೆಯನ್ನು ಕಂಡು ಆತ ಬೆರಗಾಗಿದ್ದ. ನೂರೈವತ್ತು ವರ್ಷಗಳ ಹಿಂದೆ ಅಷ್ಟು ದೂರದವನೊಬ್ಬನಿಗೆ ಶಾಸ್ತ್ರವೆನಿಸಿದ್ದು ನಮ್ಮ ಬಿ.ಎಡ್. ಪಟ್ಟಿಗೆ ಅಜ್ಞಾನವೆನಿಸಿತು.

‘ಹಾಗಾದರೆ ಲಂಡನ್ನಿಗೆ ಹೋದ ಹುಡುಗ ಕಸಿನ್ ಬ್ರದರ್ ಎಂದರೆ ನಗುವುದಿಲ್ಲವೇ?’ ಎನ್ನುತ್ತೀರಿ. ನಗಬಹುದು. ಅಲ್ಲಿ ಬರಿಯ ಕಸಿನ್ ಎನ್ನುತ್ತಾರೆಂದು ಅವನಿಗೆ ಹೇಳಿಕೊಡಬೇಕು. ಹೇಳಿಕೊಡಬಾರದೆಂದು ನಾನು ಎಂದೂ ಅನ್ನಲಿಲ್ಲ. ಗಂಡೋ ಹೆಣ್ಣೋ ಎಂಬುದನ್ನು ಮುಂದಿನ ವಾಕ್ಯದ ‘ಹಿ’ ಅಥವಾ ‘ಶಿ’ ತಿಳಿಸುತ್ತದೆಂದೂ, ಕಸಿನ್‌ನ ಮಗ ‘ಸೆಕೆಂಡ್ ಕಸಿನ್’ ಅಲ್ಲವೆಂದೂ (ಇಬ್ಬರು ಕಸಿನ್‌ಗಳ ಮಕ್ಕಳು ತಮ್ಮೊಳಗೆ ಸೆಕೆಂಡ್ ಕಸಿನ್ ಆಗುತ್ತಾರೆ, ಪದವೀಧರರೂ ಇಲ್ಲಿ ಎಡವುತ್ತಾರೆ) ಕಲಿಸಬೇಕು. ಆದರೆ ನಮ್ಮ ಮಕ್ಕಳಲ್ಲಿ ಲಂಡನ್ನಿಗೆ ಹೋಗುವವರೆಷ್ಟು? ಹುಬ್ಬಳ್ಳಿ, ಪುಣೆ, ಬೆಂಗಳೂರುಗಳಲ್ಲಿ ಮರಾಠಿಗರೊಡನೆ, ತಮಿಳರೊಡನೆ, ಹಿಂದಿಯವರೊಡನೆ ಇಂಗ್ಲಿಷಿನಲ್ಲಿ ಮಾತನಾಡುವವರೇ ಹೆಚ್ಚು. ಅವರೆಲ್ಲರೂ ಕಸಿನ್ ಬ್ರದರ್ ಎನ್ನುವವರೇ. ಮರಾಠಿಯಲ್ಲಿ ಚುಲತಭಾವು, ಮಾವಸಭಾವು, ಆತೇಭಾವು, ಮಾಮೇಭಾವು ಎಂದು ನಾಲ್ಕು ಬಗೆ. (ಅವರ ‘ಭಾವು’ ಅಣ್ಣತಮ್ಮ, ನಮ್ಮ ‘ಭಾವ’ ಬೀಗರ ಕಡೆಯವನು, ಗಡಿಯಲ್ಲಿ ಇದರಿಂದಾದ ಗೊಂದಲಗಳ ಕಥೆ ಇನ್ನೊಮ್ಮೆ ಬರೆದೇನು.) ಆಸ್ಟ್ರೇಲಿಯದ ಮೂಲನಿವಾಸಿಗಳ ಇಂಗ್ಲಿಷಿನಲ್ಲಿಯೂ ಕಸಿನ್ ಬ್ರದರ್ ಇದೆ. ಅವರಿಗೂ ನಮ್ಮ ಹಾಗೆ ಅಗತ್ಯವಿತ್ತು. 2017ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು ‘ಅಣ್ಣ’ ಎಂಬ ನಮ್ಮ ಪದಕ್ಕೇ ಸೋದರನೆಂಬ ಅರ್ಥದಲ್ಲಿ ಸ್ಥಾನ ಕೊಟ್ಟರು. ಅದುವರೆಗೆ ಆ ನಿಘಂಟಿನಲ್ಲಿ ಅದೇ ಕಾಗುಣಿತದ ಪದವೆಂದರೆ ರೂಪಾಯಿಯ ಹದಿನಾರನೆಯ ಒಂದು ಭಾಗವಾದ ನಮ್ಮ ಹಳೆಯ ಆಣೆ! ನಿಘಂಟಿನವರಿಗಿರುವ ಔದಾರ್ಯ ನಮ್ಮ ಮಾಸ್ತರರಿಗಿಲ್ಲ.

ಇಷ್ಟೆಲ್ಲ ಬರೆಯಲು ಒಂದು ಅರ್ಧ ಅಂಕ ಕಾರಣವೆಂದು ತಿಳಿಯಬೇಡಿರಿ. ಕಾರಣ ಬೇರೆಯೇ ಇದೆ. ಅದನ್ನು ಹೇಳಲು ಇಷ್ಟು ಹೊತ್ತು ಹಿಂದೆಗೆದೆ.

2003ರ ಸುಮಾರಿಗೆ ನನ್ನ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ತಂದೆಯಿಲ್ಲದ ಕೂಸು. ದೊಡ್ಡಪ್ಪನ ಕೂಡುಕುಟುಂಬದಲ್ಲಿ ಬೆಳೆಯುತ್ತಿದ್ದಳು. ‘ನಾನು ಮೆಚ್ಚುವ ವ್ಯಕ್ತಿ’ ಎಂಬ ಪ್ರಬಂಧದಲ್ಲಿ ಅವಳು ತನ್ನ ದೊಡ್ಡಪ್ಪನ ಹಿರಿಯ ಮಗನ ಬಗ್ಗೆ ಬರೆದಿದ್ದಳು. ಅವನು ತನ್ನ ಓದನ್ನು ಬಿಟ್ಟು ಹೊಲಕ್ಕಿಳಿದವನು, ಇವಳ ಓದನ್ನು ನಿಲ್ಲಗೊಡದವನು. ವಹಿ ಪುಸ್ತಕ ಕೊಡಿಸುವವನು ಅವನು, ಮಳೆ ಬಂದ ದಿನ ಸೈಕಲ್ಲಿನ ಮೇಲೆ ಶಾಲೆಗೆ ಬಿಡುವವನು ಅವನು. ಪ್ರಬಂಧದುದ್ದಕ್ಕೂ ‘ಮೈ ಕಸಿನ್ ಬ್ರದರ್’ ಎಂದಿತ್ತು. ಏಳೋ ಎಂಟೋ ಕಡೆ. ಏಳೆಂಟು ಕಡೆಯೂ ‘ಬ್ರದರ್’ ಎಂಬುದನ್ನು ಹೊಡೆದುಹಾಕಿ, ಕೆಳಗೆ ‘ದೊಡ್ಡಪ್ಪನ ಮಗ ಬ್ರದರ್ ಅಲ್ಲ, ಕಸಿನ್ ಮಾತ್ರ’ ಎಂದು ಕನ್ನಡದಲ್ಲಿಯೇ ಬರೆದೆ. ಚೆನ್ನಾಗಿ ತಿಳಿಯಲೆಂದು! ಜಾಣೆ. ಮತ್ತೆಂದೂ ಆ ತಪ್ಪು ಮಾಡಲಿಲ್ಲ.

ಮುಂದೆ ಅವಳು ಓದಿ ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿದಳು. 2016ರಲ್ಲಿ ಆ ಅಣ್ಣ ಹೊಲದಲ್ಲಿ ಎದೆನೋವೆಂದು ಕುಳಿತವನು ಏಳಲಿಲ್ಲ. ನಾನು ಮಣ್ಣಿಗೆ ಹೋಗಿದ್ದೆ. ಅವಳು ಬಂದಿರಲಿಲ್ಲ. ‘ತಂಗಿ ಬರಲಿಲ್ಲ’ ಎಂದು ಹೆಂಗಸರು ಪಿಸುಗುಟ್ಟುವುದು ಕೇಳಿಸುತ್ತಿತ್ತು. ಅವಳು ಊರಿಗೆ ಬಂದು ಮುಟ್ಟಿದ್ದು ನಾಲ್ಕನೆಯ ದಿನ. ಒಂದು ವಾರದ ಮೇಲೆ ನಮ್ಮ ಮನೆಗೆ ಬಂದಳು. ಅವರ ಕಂಪನಿಯಲ್ಲಿ ಸಾವಿನ ರಜೆ ತಂದೆ, ತಾಯಿ, ಗಂಡ, ಮಕ್ಕಳು, ಒಡಹುಟ್ಟಿದವರು ತೀರಿದರೆ ಮಾತ್ರ. ಅರ್ಜಿಯಲ್ಲಿ ‘ಮೃತರು ನಿಮಗೇನಾಗಬೇಕು’ ಎಂಬ ಸಾಲಿನಲ್ಲಿ ಅವಳು ‘ಕಸಿನ್’ ಎಂದು ಬರೆದಿದ್ದಳು. ತಿಂಗಳ ಕೊನೆ, ಕೆಲಸದ ಒತ್ತಡ. ಸಂತಾಪ ಸೂಚಿಸಿ, ವಾರದ ರಜೆಗೆ ಹೋಗಿಬರಲು ತಿಳಿಸಿದರಂತೆ.

‘ಬ್ರದರ್ ಅಂತ ಬರದಿದ್ರ ರಜಾ ಸಿಗತಿತ್ತು ಸರ್,’ ಎಂದಳು. ‘ಆದ್ರ ದೊಡ್ಡಪ್ಪನ ಮಗ ಬ್ರದರ್ ಅಲ್ಲ ಅಂತ ನೀವ ಬರದಿದ್ರಿ. ಖರೇ ಬರೀಬೇಕು ಅಂತ ಖರೇನ ಬರದೆ. ಅಣ್ಣನ ಮಾರಿ ನೋಡೂದು ಆಗಲಿಲ್ಲ.’ ಅವಳ ಮಾತಿನಲ್ಲಿ ನನ್ನ ಮೇಲೆ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ಭಾರವಾಗುತ್ತಿರಲಿಲ್ಲ. ನಮ್ಮ ಮನೆಯವರು ಚಹಾ ತಂದಿಟ್ಟರು. ಅದು ಹಾಗೆಯೇ ಆರಿತು.

ಕಂಪನಿಯವರನ್ನು ಪೂರ್ತಿ ದೂರಲಾರೆ. ಅವರು ಅರ್ಜಿಯಲ್ಲಿ ಬರೆದ ಪದವನ್ನು ನೋಡಿದರು, ಅದರ ಇಂಗ್ಲಿಷ್ ಅರ್ಥವನ್ನು ತಿಳಿದರು. ಆದರೆ ನಮ್ಮ ನೆಲದಲ್ಲಿ ನಿಂತು ನಮ್ಮವರನ್ನೇ ಕೆಲಸಕ್ಕಿಟ್ಟುಕೊಂಡು ನಮ್ಮವರೇ ನಡೆಸುವ ಸಂಸ್ಥೆಗಳ ನಿಯಮಪುಸ್ತಕದಲ್ಲಿ ಯಾರು ಅಣ್ಣ, ಯಾರು ಅಲ್ಲ ಎಂಬುದನ್ನು ಇಂಗ್ಲಿಷಿನ ಒಂದು ನಾಮಪದ ತೀರ್ಮಾನಿಸುವುದು ಎಂಥ ನ್ಯಾಯ? ಆ ನಿಯಮವನ್ನು ಬರೆದವರ ಮನೆಯಲ್ಲಿಯೂ ದೊಡ್ಡಪ್ಪನ ಮಕ್ಕಳಿದ್ದಾರು, ಅವರನ್ನು ಅಣ್ಣಾ ಎಂದೇ ಕರೆಯುತ್ತಿದ್ದಾರು. ಅವರಿಗೂ ಎಲ್ಲಿಯೋ ಒಬ್ಬ ಮಾಸ್ತರ ಕೆಂಪು ಗೆರೆ ಎಳೆದು ಕಲಿಸಿರಬೇಕು.

ಇನ್ನು ಗೋಡೆ ಬೀಳುವ ಸಂಗತಿ. ನನ್ನ ಮೊಮ್ಮಕ್ಕಳು ರಜೆಗೆ ಬಂದಾಗ ಕೇಳುತ್ತೇನಲ್ಲ: ‘ಕಸಿನ್ಸ್ ಎಲ್ಲಾ ಸೇರಿದ್ವಿ ಅಜ್ಜಾ’ ಎನ್ನುತ್ತಾರೆ. ಯಾರ ಮಕ್ಕಳೆಂದು ಕೇಳಿದರೆ ಯೋಚಿಸಿ ಹೇಳಬೇಕು. ಕಾಕಾ, ಮಾಮಾ ಎಲ್ಲರೂ ಅಂಕಲ್. ಚಿಗವ್ವ, ಅತ್ತಿ ಎಲ್ಲರೂ ಆಂಟಿ. ಹಾಲು ತರುವವರೂ ಅಂಕಲ್. ಮಕ್ಕಳ ಮೇಲೆ ನನಗೆ ಬೇಸರವಿಲ್ಲ. ಮನೆಗಳು ಸಣ್ಣವಾದವು, ಒಬ್ಬೊಬ್ಬರೇ ಮಕ್ಕಳು, ಮುಂದಿನ ತಲೆಮಾರಿಗೆ ಕಾಕಾನೂ ಇರಲಾರ ಮಾಮಾನೂ ಇರಲಾರ. ಪದಗಳು ಹಾಗೆ ತಾವಾಗಿ ಸವೆದುಹೋದರೆ ಯಾರೇನು ಮಾಡಲಾದೀತು? ಇಂಗ್ಲಿಷರ ಹಳೆಯ ಪದಗಳೂ ಹೋದವು. ಬದುಕಿರುವ ಪದವನ್ನು ಶಾಲೆಯೇ ಕತ್ತು ಹಿಚುಕುವುದು ಬೇರೆ ಮಾತು. ಆ ಕೆಲಸಕ್ಕೆ ಸರಕಾರ ನನಗೆ ಮೂವತ್ತು ವರ್ಷ ಪಗಾರ ಕೊಟ್ಟಿತು, ಈಗ ಪಿಂಚಣಿಯನ್ನ ಉಣ್ಣುತ್ತಿದ್ದೇನೆ.

ಇಂದು ಈ ನಾಮಪದವನ್ನು ಮತ್ತೆ ಕಲಿಸಬೇಕಾಗಿ ಬಂದರೆ ಪದಾರ್ಥದ ಸಾಲನ್ನು ಬರೆಸಲಾರೆ. ಖಡು ಹಿಡಿದು ಬೋರ್ಡಿನ ಮೇಲೆ ಒಂದು ವಂಶಾವಳಿಯನ್ನು ಬರೆಯುತ್ತೇನೆ. ನಡುವೆ ‘ನಾನು’, ಮೇಲೆ ಅಪ್ಪ ಅವ್ವ, ಎರಡೂ ಕಡೆ ಅವರ ಒಡಹುಟ್ಟಿದವರು, ಅವರ ಕೆಳಗೆ ಅವರ ಮಕ್ಕಳು. ಪ್ರತಿಯೊಬ್ಬರ ಕೆಳಗೆ ಮನೆಯಲ್ಲಿ ಕರೆಯುವ ಹೆಸರನ್ನು ಮಕ್ಕಳೇ ಬಂದು ಬರೆಯಲಿ. ಆ ಮೇಲೆ ‘ಕಸಿನ್’ ಎಂಬ ಪದದಿಂದ ಕೆಳಗಿನ ಸಾಲನ್ನೆಲ್ಲ ಒಂದು ಸುತ್ತು ಗೆರೆಯಿಂದ ಸುತ್ತುತ್ತೇನೆ. ಇಂಗ್ಲಿಷರು ಇಷ್ಟು ಮಂದಿಯನ್ನು ಒಟ್ಟಿಗೆ ಹೀಗೆನ್ನುತ್ತಾರೆ. ನಿಮಗೆ ಯಾರೆಂದು ಬಿಡಿಸಿ ಹೇಳಬೇಕಾದರೆ ‘ನನ್ನ ತಂದೆಯ ಅಣ್ಣನ ಮಗ’ ಎಂದು ಇಂಗ್ಲಿಷಿನಲ್ಲಿಯೇ ಹೇಳಿರಿ, ಅಲ್ಲಿ ಯಾರೂ ಗೆರೆ ಎಳೆಯಲಾರರು ಎನ್ನುತ್ತೇನೆ. ಒಂದು ತಾಸಿನ ಪಾಠ. ಅದಕ್ಕೆ ಯಾವ ತರಬೇತಿಯೂ ಬೇಕಿಲ್ಲ.

ರವಿವಾರ ಆ ಹುಡುಗನ ವಹಿಯಲ್ಲಿ ಕೆಂಪು ಗೆರೆಯ ಕೆಳಗೆ ಪೆನ್ಸಿಲ್ಲಿನಿಂದ ಇಂಗ್ಲಿಷಿನಲ್ಲಿ ಬರೆದುಕೊಟ್ಟೆ: ‘ನನ್ನ ತಂದೆಯ ಅಣ್ಣನ ಮಗ, ನಾನು ಅಣ್ಣಾ ಎಂದು ಕರೆಯುವವನು, ಟ್ರ್ಯಾಕ್ಟರ್ ನಡೆಸುತ್ತಾನೆ.’ ಮಂಗಳವಾರ ಹುಡುಗ ಮತ್ತೆ ಬಂದ. ವಾಕ್ಯದ ಪಕ್ಕದಲ್ಲಿ ಈ ಸಲ ಗೆರೆಯಿಲ್ಲ, ಒಂದು ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಇದೆ. ‘ಯಾರು ಬರದುಕೊಟ್ರು ಅಂತ ಮೇಡಂ ಕೇಳಾಕತ್ತಾರ್ರಿ’ ಎಂದ. ಹೆಸರು ಹೇಳು ಎಂದಿದ್ದೇನೆ. ಬರುವ ಸೋಮವಾರ ಅವರ ಶಾಲೆಗೆ ನಾನೇ ಹೋಗಿಬರುವವನಿದ್ದೇನೆ, ಕಿಸೆಯಲ್ಲಿ ಎರಡು ಖಡು ಇಟ್ಟುಕೊಂಡು.